ಆತ್ಮಸಾಕ್ಷಿಯ ಬೆಲೆ ಯಾರು ತೆರಬೇಕು?

(ಶ್ರೀಮಠದ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ನಿವೃತ್ತ ಎಂಜಿನಿಯರರೊಬ್ಬರು ನೀಡಿದ ಉಪನ್ಯಾಸದ ಬರಹರೂಪ)

 

ಹೋದ ತಿಂಗಳು ಅಪ್ಪಗಳು ನನ್ನನ್ನು ಕರೆದು, "ಪ್ರತಿ ಸಲ ನಮ್ಮ ಮಾತನ್ನೇ ನಾವು ಕೇಳುತ್ತೇವೆ. ಬೇರೆ ಧರ್ಮದವರು ಇಂದಿನ ದಿನಮಾನದಲ್ಲಿ ಯಾವ ಇಕ್ಕಟ್ಟಿನಲ್ಲಿ ಸಿಕ್ಕಿದ್ದಾರೆ, ಅದರಿಂದ ನಾವೇನು ತಿಳಿಯಬೇಕು, ಒಂದು ವಿಷಯ ಹೇಳಿ" ಎಂದು ಅಪ್ಪಣೆ ಮಾಡಿದರು. ನಾನು ಓದಿದ್ದು ಸಿವಿಲ್ ಎಂಜಿನಿಯರಿಂಗ್. ಮೂವತ್ತೈದು ವರ್ಷ ಸರಕಾರಿ ನೌಕರಿಯಲ್ಲಿ ರಸ್ತೆ, ಸೇತುವೆ, ಮೋರಿ ಕಟ್ಟಿಸಿದವನು. ಧರ್ಮಶಾಸ್ತ್ರದ ಪಂಡಿತನಲ್ಲ. ಆದರೂ ಐದು ವರ್ಷಗಳಿಂದ ನನ್ನ ತಲೆಯಲ್ಲಿ ಕುಳಿತಿರುವ ಒಂದು ವಿಷಯವಿದೆ. ಅದು ಸ್ವಲ್ಪ ಸಂಕೋಚದ ವಿಷಯ. ತಾಯಂದಿರ ಮುಂದೆ ಹೇಗೆ ಹೇಳಲಿ ಎಂದು ಮನೆಯಲ್ಲಿ ಕೇಳಿದೆ. "ನಮ್ಮ ವಿಷಯಾನ ನಮ್ಮ ಮುಂದ ಹೇಳಾಕ ಏನ ಸಂಕೋಚರೀ?" ಎಂದು ನನ್ನ ಹೆಂಡತಿಯೇ ಧೈರ್ಯ ಕೊಟ್ಟಳು. ಆದ್ದರಿಂದ ಹೇಳುತ್ತೇನೆ.

2020ರ ಜನವರಿಯಲ್ಲಿ ನಾವಿಬ್ಬರೂ ಮಗಳ ಮನೆಗೆಂದು ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯಕ್ಕೆ ಹೋದೆವು. ಮಾರ್ಚ್‌ನಲ್ಲಿ ಕೊರೊನಾ ಬಂತು, ವಿಮಾನ ನಿಂತವು, ನಾವು ಅಲ್ಲೇ ಉಳಿದೆವು. ಹೊರಗೆ ಹೋಗುವ ಹಾಗಿಲ್ಲ. ಅಲ್ಲಿಯ ಸುಪ್ರೀಂ ಕೋರ್ಟಿಗೂ ಅದೇ ಗತಿ. ನ್ಯಾಯಾಧೀಶರೆಲ್ಲ ಫೋನಿನಲ್ಲಿ ವಾದ ಕೇಳತೊಡಗಿದರು. ಅದನ್ನು ಜನರೆಲ್ಲ ನೇರವಾಗಿ ಕೇಳಬಹುದಾದದ್ದು ಆ ಕೋರ್ಟಿನ ಇತಿಹಾಸದಲ್ಲಿ ಆಗಲೇ ಮೊದಲು. ಮೇ 6ರಂದು ಮಗಳು ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟು, "ಅಪ್ಪಾ, ಇವತ್ತು ನಮ್ಮ ರಾಜ್ಯದ್ದೇ ಕೇಸು ಇದೆ, ಕೇಳು" ಎಂದಳು. ಒಂದು ಕಡೆ ಪೆನ್ಸಿಲ್ವೇನಿಯಾ ರಾಜ್ಯ. ಇನ್ನೊಂದು ಕಡೆ ವೃದ್ಧಾಶ್ರಮ ನಡೆಸುವ ಕ್ಯಾಥೊಲಿಕ್ ಸನ್ಯಾಸಿನಿಯರು ಮತ್ತು ಅವರ ಜೊತೆಗೆ ಕೇಂದ್ರ ಸರಕಾರ. ವಿಷಯ: ನೌಕರರ ಆರೋಗ್ಯ ವಿಮೆಯಲ್ಲಿ ಗರ್ಭನಿರೋಧಕ ಮಾತ್ರೆ, ಸಾಧನಗಳಿಗೂ ಹಣ ಸಿಗಬೇಕು ಎಂಬ ಸರಕಾರದ ನಿಯಮ. ಕ್ಯಾಥೊಲಿಕ್ ಸಂಸ್ಥೆಗಳು ಅದನ್ನು ಪಾಲಿಸಬೇಕೋ ಬೇಡವೋ ಎನ್ನುವುದೇ ಜಗಳ.

ನನಗೆ ಮೊದಲು ನಗು ಬಂತು. ಇದಕ್ಕೂ ಸುಪ್ರೀಂ ಕೋರ್ಟೇ ಎನಿಸಿತು. ಕೇಳುತ್ತ ಹೋದ ಹಾಗೆ ನಗು ಹೋಯಿತು.

ಮೊದಲು ಕ್ಯಾಥೊಲಿಕರ ಸಿದ್ಧಾಂತವನ್ನು ಅವರ ದೃಷ್ಟಿಯಿಂದಲೇ ತಿಳಿಯೋಣ. ಗಂಡ ಹೆಂಡಿರ ಕೂಟದಲ್ಲಿ ಎರಡು ಅರ್ಥಗಳಿವೆ, ಒಂದು ಪರಸ್ಪರ ಪ್ರೀತಿ, ಇನ್ನೊಂದು ಸಂತಾನ. ದೇವರು ಕೂಡಿಸಿದ ಈ ಎರಡನ್ನು ಮನುಷ್ಯ ತನ್ನ ಕೈಯಿಂದ ಬೇರ್ಪಡಿಸಬಾರದು ಎನ್ನುವುದು ಅವರ ಬೋಧನೆ. ಮಕ್ಕಳ ನಡುವೆ ಅಂತರವೇ ಇರಬಾರದು ಎಂದು ಅವರು ಹೇಳುವುದಿಲ್ಲ. ದಿನ ಎಣಿಸಿ ಸಂಯಮದಿಂದ ಇರುವುದಕ್ಕೆ ಅವಕಾಶವಿದೆ. ಔಷಧಿ, ಸಾಧನ, ಶಸ್ತ್ರಚಿಕಿತ್ಸೆಗಳಿಂದ ತಡೆಯುವುದಕ್ಕೆ ಇಲ್ಲ.

1930ರವರೆಗೆ ಕ್ರೈಸ್ತರಲ್ಲಿ ಹೆಚ್ಚಿನ ಪಂಗಡಗಳು ಹೀಗೇ ಹೇಳುತ್ತಿದ್ದವು. ಆ ವರ್ಷ ಲಂಡನ್ನಿನ ಲ್ಯಾಂಬೆತ್‌ನಲ್ಲಿ ಸೇರಿದ ಆಂಗ್ಲಿಕನ್ ಬಿಷಪ್ಪರು ಕೆಲವು ಸಂದರ್ಭಗಳಲ್ಲಿ ಆಗಬಹುದು ಎಂದರು. ಅದೇ ವರ್ಷದ ಕೊನೆಯ ದಿನ ಪೋಪ್ 11ನೇ ಪಯಸ್ ಕೂಡದೇ ಕೂಡದು ಎಂದು ಪತ್ರ ಹೊರಡಿಸಿದರು. ಪೋಪರ ಇಂಥ ಪತ್ರಕ್ಕೆ ನಮ್ಮ ಇಲಾಖೆಯ ಭಾಷೆಯಲ್ಲಿ ಸುತ್ತೋಲೆ ಎನ್ನಬಹುದು, ಅದರ ಮೂಲ ಅರ್ಥವೂ ಅದೇ. ಇನ್ನೊಂದು ಮಾತು ಇಲ್ಲಿ ಹೇಳಲೇಬೇಕು. ಅದೇ 1930ರಲ್ಲಿ ನಮ್ಮ ಮೈಸೂರು ಸಂಸ್ಥಾನದ ಸರಕಾರ ತನ್ನ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಕ್ಲಿನಿಕ್ಕುಗಳನ್ನು ತೆರೆಯಲು ಆದೇಶ ಮಾಡಿತು. ಸರಕಾರವೇ ನಡೆಸಿದ ಇಂಥ ಕ್ಲಿನಿಕ್ಕುಗಳಲ್ಲಿ ಜಗತ್ತಿನಲ್ಲೇ ಮೊದಲಿನವು ಎಂದು ಅವನ್ನು ಲೆಕ್ಕ ಹಾಕುತ್ತಾರೆ. ರೋಮ್ ಒಂದು ಕಡೆ ತಿರುಗಿದ ವರ್ಷವೇ ಮೈಸೂರು ಇನ್ನೊಂದು ಕಡೆ ತಿರುಗಿತು.

1960ರಲ್ಲಿ ಅಮೆರಿಕದಲ್ಲಿ ಗರ್ಭನಿರೋಧಕ ಮಾತ್ರೆಗೆ ಒಪ್ಪಿಗೆ ಸಿಕ್ಕಿತು. ಅದನ್ನು ರೂಪಿಸಿದವರಲ್ಲಿ ಡಾ. ಜಾನ್ ರಾಕ್ ಎಂಬ ವೈದ್ಯರೊಬ್ಬರು. ಅವರು ದಿನಾಲು ಚರ್ಚಿನ ಪೂಜೆಗೆ ಹೋಗುತ್ತಿದ್ದ ಕ್ಯಾಥೊಲಿಕ್. ಇದು ದೇಹದ ಸಹಜ ಕ್ರಿಯೆಯನ್ನೇ ಅನುಸರಿಸುತ್ತದೆ, ಆದ್ದರಿಂದ ಚರ್ಚ್ ಒಪ್ಪಬಹುದು ಎಂದು ಅವರು ನಂಬಿದ್ದರು. ಪೋಪ್ 23ನೇ ಜಾನ್ 1963ರಲ್ಲಿ ಇದನ್ನು ಪರಿಶೀಲಿಸಲು ಒಂದು ಆಯೋಗ ನೇಮಿಸಿದರು. ಮುಂದೆ ಅದರಲ್ಲಿ ವೈದ್ಯರು, ಸಂಸಾರಸ್ಥ ದಂಪತಿಗಳು ಕೂಡ ಸೇರಿದರು. 1966ರಲ್ಲಿ ಆಯೋಗದ ಬಹುಮತ ಬದಲಾವಣೆಯ ಪರವಾಗಿತ್ತು. ಆದರೆ 1968ರ ಜುಲೈಯಲ್ಲಿ ಪೋಪ್ 6ನೇ ಪಾಲ್ ಆ ಶಿಫಾರಸನ್ನು ಒಪ್ಪದೆ ಹಳೆಯ ಬೋಧನೆಯನ್ನೇ ಎತ್ತಿಹಿಡಿದರು. ಜಗತ್ತಿನಾದ್ಯಂತ ಕ್ಯಾಥೊಲಿಕ್ ಕುಟುಂಬಗಳಲ್ಲಿ ಅಂದಿನಿಂದ ಒಂದು ಬಿರುಕು ಉಳಿದಿದೆ. ಗುರುಗಳು ಬೇಡ ಎನ್ನುತ್ತಾರೆ. ಅಮೆರಿಕದ ಕ್ಯಾಥೊಲಿಕ್ ಹೆಣ್ಣುಮಕ್ಕಳಲ್ಲಿ ಬಹುಪಾಲು ಜನ ಬಾಳಿನಲ್ಲಿ ಒಮ್ಮೆಯಾದರೂ ಅದನ್ನು ಬಳಸಿದವರೇ.

ಇನ್ನು ವಿಮೆಯ ಮಾತು. ಇದು ಗೊತ್ತಾಗದೆ ಜಗಳ ಅರ್ಥವಾಗುವುದಿಲ್ಲ. ನಮ್ಮಲ್ಲಿ ಬಡವರಿಗೆ ಸರಕಾರಿ ಆಸ್ಪತ್ರೆ ಇದೆ, ಉಳಿದವರು ಕೈಯಿಂದ ಹಣ ಕೊಡುತ್ತೇವೆ. ಅಮೆರಿಕದಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಆರೋಗ್ಯ ವಿಮೆ ಬರುವುದು ಕೆಲಸದ ಮೂಲಕ. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1942ರಲ್ಲಿ, ಸರಕಾರ ಸಂಬಳ ಏರಿಸದಂತೆ ಕಟ್ಟು ಹಾಕಿತು. ಕೆಲಸಗಾರರು ಸಿಗುತ್ತಿರಲಿಲ್ಲ. ಕಂಪನಿಗಳು ಸಂಬಳ ಏರಿಸುವ ಬದಲು ವಿಮೆ ಕೊಡತೊಡಗಿದವು. ಮುಂದೆ ಅದಕ್ಕೆ ತೆರಿಗೆ ವಿನಾಯಿತಿಯೂ ಸಿಕ್ಕಿತು. ಅಂದರೆ ಈ ವಿಮೆ ಹುಟ್ಟಿದ್ದೇ ಸಂಬಳದ ಇನ್ನೊಂದು ರೂಪವಾಗಿ. ಈ ಮಾತು ನೆನಪಿಡಿ, ಮತ್ತೆ ಬರುತ್ತೇನೆ.

2010ರ ಮಾರ್ಚ್‌ನಲ್ಲಿ ಅಧ್ಯಕ್ಷ ಒಬಾಮ ಅವರ ಆರೋಗ್ಯ ಕಾಯ್ದೆ ಬಂತು. ಹೆಣ್ಣುಮಕ್ಕಳ ರೋಗ ತಡೆಯುವ ಸೇವೆಗಳನ್ನು ವಿಮೆ ಪುಕ್ಕಟೆ ಕೊಡಬೇಕು ಎಂಬ ತಿದ್ದುಪಡಿ ತಂದವರು ಸೆನೆಟರ್ ಬಾರ್ಬರಾ ಮಿಕುಲ್ಸ್ಕಿ, ಅವರೂ ಕ್ಯಾಥೊಲಿಕ್. ಯಾವ ಸೇವೆಗಳು ಎಂದು ತಜ್ಞ ವೈದ್ಯರ ಸಂಸ್ಥೆಯೊಂದು 2011ರಲ್ಲಿ ಪಟ್ಟಿ ಕೊಟ್ಟಿತು. ಅದರಲ್ಲಿ ಗರ್ಭನಿರೋಧಕಗಳೂ ಇದ್ದವು. ನಿಯಮ ಹೊರಡಿಸಿದ ಆರೋಗ್ಯ ಸಚಿವೆ ಕ್ಯಾಥ್ಲೀನ್ ಸೆಬೀಲಿಯಸ್, ಅವರೂ ಕ್ಯಾಥೊಲಿಕ್. ಆದ್ದರಿಂದ ಇದು ಧರ್ಮದ್ವೇಷಿಗಳಿಗೂ ಧಾರ್ಮಿಕರಿಗೂ ನಡೆದ ಜಗಳ ಎಂದು ತಿಳಿಯಬೇಡಿ. ಒಂದೇ ಮನೆಯ ಜಗಳ ಬೀದಿಗೆ ಬಂದದ್ದು.

ಚರ್ಚುಗಳಿಗೆ ಮೊದಲಿನಿಂದಲೇ ವಿನಾಯಿತಿ ಇತ್ತು. ಪೇಚು ಬಂದದ್ದು ಚರ್ಚಿಗೆ ಸೇರಿದ ಆಸ್ಪತ್ರೆ, ಕಾಲೇಜು, ಅನಾಥಾಲಯ, ವೃದ್ಧಾಶ್ರಮಗಳ ವಿಷಯದಲ್ಲಿ. ಅಮೆರಿಕದ ಆಸ್ಪತ್ರೆಗಳಲ್ಲಿ ಸುಮಾರು ಆರರಲ್ಲಿ ಒಂದು ಹಾಸಿಗೆ ಕ್ಯಾಥೊಲಿಕ್ ಸಂಸ್ಥೆಗಳದ್ದು. ಅಲ್ಲಿ ಕೆಲಸ ಮಾಡುವವರೆಲ್ಲ ಕ್ಯಾಥೊಲಿಕರಲ್ಲ. 2012ರ ಜನವರಿ 20ರಂದು ಸರಕಾರ, ಒಂದು ವರ್ಷದ ಗಡುವು ಕೊಡುತ್ತೇವೆ, ಆಮೇಲೆ ನೀವೂ ಪಾಲಿಸಬೇಕು ಎಂದಿತು. ಬಿಷಪ್ಪರ ಒಕ್ಕೂಟದ ಅಧ್ಯಕ್ಷರಾಗಿದ್ದ ನ್ಯೂಯಾರ್ಕಿನ ಆರ್ಚ್‌ಬಿಷಪ್ ಟಿಮೊತಿ ಡೋಲನ್ ಕಟುವಾಗಿ ವಿರೋಧಿಸಿದರು. ದೇಶದ ಚರ್ಚುಗಳಲ್ಲಿ ಭಾನುವಾರದ ಪೂಜೆಯಲ್ಲಿ ಬಿಷಪ್ಪರ ಪತ್ರಗಳನ್ನು ಓದಿದರು. ಮೇ 21ರಂದು ನೋಟ್ರ ಡೇಮ್ ವಿಶ್ವವಿದ್ಯಾಲಯವೂ ಸೇರಿ 43 ಕ್ಯಾಥೊಲಿಕ್ ಸಂಸ್ಥೆಗಳು ಕೋರ್ಟಿಗೆ ಹೋದವು.

ನಿಯಮ ಪಾಲಿಸದ ವಿಮೆಗೆ ದಂಡ ಎಷ್ಟು ಗೊತ್ತೇ? ಒಬ್ಬರಿಗೆ ದಿನಕ್ಕೆ 100 ಡಾಲರ್. ಐವತ್ತು ಜನ ನೌಕರರಿರುವ ಒಂದು ಸಣ್ಣ ಆಶ್ರಮ ಎಂದು ಹಿಡಿಯಿರಿ. ವರ್ಷಕ್ಕೆ 18,25,000 ಡಾಲರ್ ಆಯಿತು. ಆಶ್ರಮದ ಬಾಗಿಲು ಮುಚ್ಚುವಷ್ಟು ದಂಡ.

ಸರಕಾರ ಒಂದು ನಡುದಾರಿ ಹುಡುಕಿತು. ನೀವು ಹಣ ಕೊಡಬೇಡಿ, ನಿಮ್ಮ ಒಪ್ಪಂದದಲ್ಲೂ ಅದು ಇರಬೇಕಿಲ್ಲ. 'ನಮಗೆ ಧಾರ್ಮಿಕ ಆಕ್ಷೇಪಣೆ ಇದೆ' ಎಂದು ಒಂದು ಫಾರ್ಮಿಗೆ ಸಹಿ ಹಾಕಿ ವಿಮೆಯವರಿಗೆ ಕೊಡಿ, ಅವರೇ ನಿಮ್ಮ ನೌಕರರಿಗೆ ಬೇರೆಯಾಗಿ ಕೊಡುತ್ತಾರೆ. ಕೇಳಿದವರು ಯಾರೂ ಇದು ಸರಿಯಾದ ಪರಿಹಾರ ಎನ್ನಬೇಕು. ಆದರೆ ಸನ್ಯಾಸಿನಿಯರು, ಆ ಫಾರ್ಮಿಗೂ ಸಹಿ ಹಾಕುವುದಿಲ್ಲ ಎಂದರು.

ಆ ಸನ್ಯಾಸಿನಿಯರು ಯಾರು? ಲಿಟ್ಲ್ ಸಿಸ್ಟರ್ಸ್ ಆಫ್ ದಿ ಪೂರ್ ಎಂದು ಹೆಸರು, ಬಡವರ ಚಿಕ್ಕ ತಂಗಿಯರು. 1839ರ ಚಳಿಗಾಲದಲ್ಲಿ ಫ್ರಾನ್ಸಿನಲ್ಲಿ ಜಾನ್ ಜುಗಾನ್ ಎಂಬ ಬಡ ಹೆಂಗಸು ಕಣ್ಣು ಕಾಣದ ಒಬ್ಬ ಮುದುಕಿಯನ್ನು ಮನೆಗೆ ಕರೆತಂದು, ತನ್ನ ಹಾಸಿಗೆಯಲ್ಲೇ ಮಲಗಿಸಿದಳು. ಅಲ್ಲಿಂದ ಈ ಪಂಥ ಬೆಳೆಯಿತು. ಬುಟ್ಟಿ ಹಿಡಿದು ಮನೆ ಮನೆ ತಿರುಗಿ ಬೇಡಿ ತಂದು ಮುದುಕರಿಗೆ ಉಣಿಸಿದರು. ಬ್ರಹ್ಮಚರ್ಯ, ಬಡತನ, ವಿಧೇಯತೆ ಎಂಬ ಮೂರು ವ್ರತಗಳ ಜೊತೆಗೆ ನಾಲ್ಕನೆಯದಾಗಿ ಆತಿಥ್ಯದ ವ್ರತವನ್ನೂ ಅವರು ತೊಡುತ್ತಾರೆ. ನಮ್ಮ ಬೆಂಗಳೂರಿನ ಹೊಸೂರು ರಸ್ತೆಯಲ್ಲಿಯೂ ಅವರ ವೃದ್ಧಾಶ್ರಮವಿದೆ. ಜೋಳಿಗೆ ಹಿಡಿದು ದಾಸೋಹ ನಡೆಸಿದ ಮಠಗಳನ್ನು ಕಂಡ ನಮಗೆ ಇಂಥವರನ್ನು ಹಗುರಾಗಿ ಕಾಣಲು ಬರುವುದಿಲ್ಲ.

ಅವರ ವಾದ ಇಷ್ಟು: ನಮ್ಮ ಸಹಿ ಬೀಳದಿದ್ದರೆ ಆ ಕೆಲಸ ನಡೆಯುವುದಿಲ್ಲ, ಸಹಿ ಬಿದ್ದರೆ ನಡೆಯುತ್ತದೆ, ಹಾಗಾದರೆ ನಮ್ಮ ಸಹಿಯೇ ಅದಕ್ಕೆ ಬೀಗದ ಕೈ. ಕ್ಯಾಥೊಲಿಕ್ ಧರ್ಮಶಾಸ್ತ್ರದಲ್ಲಿ ಪಾಪಕ್ಕೆ ಸಹಕಾರ ಎಂಬ ಒಂದು ವಿಚಾರವೇ ಇದೆ. ಸಮೀಪದ ಸಹಕಾರ, ದೂರದ ಸಹಕಾರ, ಮನಸ್ಸೊಪ್ಪಿ ಮಾಡಿದ ಸಹಕಾರ ಎಂದು ನೂರಾರು ವರ್ಷಗಳಿಂದ ಅಳೆಯುತ್ತ ಬಂದಿದ್ದಾರೆ.

ಮಗಳು, "ಅಪ್ಪಾ, ಇದು ಅತಿ ಆಯ್ತು. ಒಂದು ಕಾಗದಕ್ಕೆ ಸಹಿ ಹಾಕೋದರಲ್ಲಿ ಏನು ಪಾಪ?" ಎಂದಳು. ನಾನು ಸುಮ್ಮನೆ ಕುಳಿತೆ. ಏಕೆಂದರೆ ಸಹಿ ಎಂದರೆ ಏನು ಎಂದು ನನಗೆ ಗೊತ್ತು.

ನೌಕರಿಗೆ ಸೇರಿದ ಹೊಸತರಲ್ಲಿ ಒಂದು ಹಳ್ಳಿಯ ಹಳ್ಳಕ್ಕೆ ಮೋರಿಯ ಕೆಲಸ ನಡೆದಿತ್ತು. ಬುನಾದಿ ತೋಡಿದ ಆಳವನ್ನು ನಾನು ನೋಡಿರಲಿಲ್ಲ. ನಾನು ಹೋಗುವಷ್ಟರಲ್ಲಿ ಕಾಂಕ್ರೀಟ್ ಹಾಕಿ ಮುಚ್ಚಿದ್ದರು. ಎಂ.ಬಿ. ಪುಸ್ತಕದಲ್ಲಿ ಅಳತೆ ಬರೆಯಲು ನಾನು ಹಿಂದೇಟು ಹಾಕಿದೆ. ನನ್ನ ಮೇಲಿನವರು ಬಹಳ ಪ್ರೀತಿಯಿಂದಲೇ, "ತಮ್ಮಾ, ನೀ ನೋಡೀನಿ ಅಂತ ಬರೀಬ್ಯಾಡ. ಮೇಲಿನವರ ಮಾತಿನಂತೆ ಸಲ್ಲಿಸಿದೆ ಅಂತ ಬರದು ಒಂದ ಸಹಿ ಮಾಡು, ಸಾಕು" ಎಂದರು. ಮಾಡಿದೆ. ಬಿಲ್ ಪಾಸಾಯಿತು. ಮೂರನೆಯ ಮಳೆಗಾಲಕ್ಕೆ ಮೋರಿ ಕುಸಿಯಿತು. ಪುಣ್ಯಕ್ಕೆ ಜೀವಹಾನಿಯಾಗಲಿಲ್ಲ. ಎರಡು ಹಳ್ಳಿಯ ಮಕ್ಕಳು ಆ ವರ್ಷವೆಲ್ಲ ಸೊಂಟಮಟ್ಟ ನೀರಿನಲ್ಲಿ ಸಾಲೆಗೆ ಹೋದರು. ಯಾರೂ ನನ್ನನ್ನು ಕೇಳಲಿಲ್ಲ. ಕಾಗದದಲ್ಲಿ ನನ್ನದೇನೂ ತಪ್ಪಿರಲಿಲ್ಲ. ಆದರೆ ಆ ಸಹಿ ಇಲ್ಲದಿದ್ದರೆ ಬಿಲ್ ಮುಂದೆ ಹೋಗುತ್ತಿರಲಿಲ್ಲ. ಆದ್ದರಿಂದ 'ಬರೀ ಒಂದು ಸಹಿ' ಎಂದು ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ. ಆ ಸಿಸ್ಟರುಗಳ ಸಿದ್ಧಾಂತ ನನ್ನದಲ್ಲ. ಸಂತಾನ ನಿಯಂತ್ರಣ ಪಾಪ ಎಂದು ನಾನು ತಿಳಿದಿಲ್ಲ. ಆದರೆ ಸಹಿಯ ವಿಷಯದಲ್ಲಿ ಅವರ ಸಂಕಟ ನನಗೆ ತಿಳಿಯಿತು.

ಇಷ್ಟಾದ ಮೇಲೆ ನನ್ನ ಹೆಂಡತಿ ಒಂದು ಮಾತು ಕೇಳಿದಳು. ಅವಳಿಗೆ ಆ ಇಂಗ್ಲಿಷ್ ಪೂರ್ತಿ ತಿಳಿಯುತ್ತಿರಲಿಲ್ಲ, ಮಗಳು ಹೇಳುತ್ತಿದ್ದಳು. "ಅಲ್ರೀ, ಇಷ್ಟೊತ್ತು ಸಿಸ್ಟರಗೋಳ ಮನಸ್ಸಿನ ಮಾತಾತು, ಸರಕಾರದ ಮಾತಾತು. ಆ ಮುದುಕರ ಮನ್ಯಾಗ ಕಸಾ ಹೊಡಿಯೂ, ಹಾಸಿಗಿ ಒಗಿಯೂ ಹೆಣ್ಣಮಕ್ಕಳ ಮಾತು ಯಾವಾಗ ಬರತೈತಿ?"

ಆ ಮಾತು ಬಂತು. ತೆಗೆದವರು ನ್ಯಾಯಮೂರ್ತಿ ರೂತ್ ಬೇಡರ್ ಗಿನ್ಸ್‌ಬರ್ಗ್. ಅವರಿಗೆ ಆಗ 87 ವರ್ಷ. ಪಿತ್ತಕೋಶದ ತೊಂದರೆಯಿಂದ ಆಸ್ಪತ್ರೆಗೆ ಸೇರಿದ್ದರು. ಆಸ್ಪತ್ರೆಯಿಂದಲೇ ಫೋನಿನಲ್ಲಿ ಮಾತಾಡಿದರು. ದನಿ ಕ್ಷೀಣವಾಗಿತ್ತು, ಮಾತು ಮಾತ್ರ ಗಟ್ಟಿ. ಸಂಸತ್ತು ಹೆಣ್ಣುಮಕ್ಕಳಿಗೆ ಕೊಟ್ಟದ್ದನ್ನು ನೀವು ಗಾಳಿಗೆ ತೂರುತ್ತಿದ್ದೀರಿ, ಇನ್ನು ಅವರು ಬೇರೆ ಯಾವ ಸರಕಾರಿ ಯೋಜನೆಯಲ್ಲಿ ಸಿಗುತ್ತದೆ ಎಂದು ಹುಡುಕುತ್ತ ಅಲೆಯಬೇಕೇ ಎಂಬುದು ಅವರ ಪ್ರಶ್ನೆಯ ಸಾರ.

ಈ ಹೆಣ್ಣುಮಕ್ಕಳ ಕಷ್ಟವೇನು? ಮಾತ್ರೆಯನ್ನು ಗರ್ಭ ತಡೆಯಲೆಂದೇ ಎಲ್ಲರೂ ತೆಗೆದುಕೊಳ್ಳುವುದಿಲ್ಲ. ಮುಟ್ಟಿನ ತೀವ್ರ ರಕ್ತಸ್ರಾವಕ್ಕೆ, ಅಂಡಾಶಯದ ಗಡ್ಡೆಗೆ ಕೂಡ ವೈದ್ಯರು ಅದನ್ನೇ ಬರೆದುಕೊಡುತ್ತಾರೆ. 2012ರ ಫೆಬ್ರವರಿಯಲ್ಲಿ ಸಂಸತ್ತಿನ ಸಮಿತಿಯೊಂದು ಈ ವಿಷಯದ ವಿಚಾರಣೆ ನಡೆಸಿತು. ಮೊದಲ ಸಾಲಿನಲ್ಲಿ ಸಾಕ್ಷಿ ಹೇಳಲು ಕುಳಿತವರೆಲ್ಲ ಗಂಡಸರು. ಜಾರ್ಜ್‌ಟೌನ್ ಎಂಬ ಕ್ಯಾಥೊಲಿಕ್ ವಿಶ್ವವಿದ್ಯಾಲಯದ ಕಾನೂನು ವಿದ್ಯಾರ್ಥಿನಿ ಸಾಂಡ್ರಾ ಫ್ಲೂಕ್ ಅವರಿಗೆ ಅಲ್ಲಿ ಅವಕಾಶ ಕೊಡಲಿಲ್ಲ. ಒಂದು ವಾರದ ಮೇಲೆ ಬೇರೆ ಸಭೆಯಲ್ಲಿ ಆಕೆ ಹೇಳಿದ್ದು ತನ್ನ ಗೆಳತಿಯ ಕಥೆ. ಅಂಡಾಶಯದ ಗಡ್ಡೆಗೆ ಮಾತ್ರೆ ಬೇಕಿತ್ತು. ರೋಗಕ್ಕಾದರೆ ಕೊಡಬಹುದು ಎಂದು ವಿಮೆಯ ಕಾಗದದಲ್ಲಿದ್ದರೂ, ನಿಜವಾಗಿ ಗರ್ಭ ತಡೆಯಲು ಅಲ್ಲವೇ ಎಂದು ಪದೇ ಪದೇ ಪ್ರಶ್ನಿಸಿ ನಿರಾಕರಿಸಿದರಂತೆ. ಕೈಯಿಂದ ಹಣ ಕೊಡಲಾಗದೆ ಆಕೆ ಮಾತ್ರೆ ಬಿಟ್ಟಳು. ಕೊನೆಗೆ ಅಂಡಾಶಯವನ್ನೇ ತೆಗೆಯಬೇಕಾಯಿತು. ಈ ಮಾತು ಹೇಳಿದ್ದಕ್ಕೆ ಸಾಂಡ್ರಾ ಫ್ಲೂಕ್ ರೇಡಿಯೋದಲ್ಲಿ ಹೊಲಸು ಬೈಗುಳ ತಿನ್ನಬೇಕಾಯಿತು.

ಇನ್ನು ನಮ್ಮ ಕಡೆ ವಂಕಿ ಎನ್ನುತ್ತೇವಲ್ಲ, ಅದನ್ನು ಹಾಕಿಸಲು ಅಲ್ಲಿ ತಗಲುವ ಖರ್ಚು ಕನಿಷ್ಠ ಕೂಲಿಯವರ ಹೆಚ್ಚು ಕಡಿಮೆ ಒಂದು ತಿಂಗಳ ದುಡಿಮೆ. ಇದನ್ನೂ ಗಿನ್ಸ್‌ಬರ್ಗ್ ಅವರೇ 2014ರ ಒಂದು ತೀರ್ಪಿನಲ್ಲಿ ಬರೆದಿದ್ದಾರೆ. ತಿಂಗಳ ಸಂಬಳ ಕೊಟ್ಟು ಯಾರು ಹಾಕಿಸಿಕೊಳ್ಳುತ್ತಾರೆ?

ಇಲ್ಲಿ ನಾನು ಮೊದಲು ಹೇಳಿದ ಮಾತಿಗೆ ಬರುತ್ತೇನೆ. ವಿಮೆ ಎಂದರೆ ಏನು? ಸಂಸ್ಥೆ ತನ್ನ ಕೈಯಿಂದ ಕೊಡುವ ದಾಸೋಹವೋ, ದುಡಿದವರ ಕಾಯಕದ ಫಲವೋ? ದಾಸೋಹವಾದರೆ ಏನು ಬಡಿಸಬೇಕು ಎಂದು ಬಡಿಸುವವರು ತೀರ್ಮಾನಿಸಬಹುದು. ಕಾಯಕದ ಫಲವಾದರೆ ಅದು ದುಡಿದವರದು. ನನ್ನ ಪಗಾರದಲ್ಲಿ ನಾನೇನು ಕೊಳ್ಳಬೇಕು ಎಂದು ನನಗೆ ಪಗಾರ ಬಟವಾಡೆ ಮಾಡುವವರು ಹೇಳುವ ಹಾಗಿಲ್ಲ. 1942ರ ಕಥೆ ಹೇಳುವುದು ಅದನ್ನೇ: ವಿಮೆ ಸಂಬಳದ ಬದಲಿಗೆ ಬಂದದ್ದು. ಹೀಗೆ ನೋಡಿದರೆ ಸಿಸ್ಟರುಗಳ ಪಾಪ ಪುಣ್ಯದ ಲೆಕ್ಕ ಪಗಾರ ಕೊಟ್ಟ ಕೂಡಲೇ ಮುಗಿಯಬೇಕು.

ಆದರೆ ಕೋರ್ಟು ಹೀಗೆ ಸರಳವಾಗಿ ನೋಡಲಿಲ್ಲ. ಅದಕ್ಕೆ ಒಂದು ಹಿನ್ನೆಲೆ ಇದೆ. ಅಮೆರಿಕದ ಮೂಲನಿವಾಸಿಗಳ ಪೂಜೆಯಲ್ಲಿ ಪೆಯೋಟೆ ಎಂಬ ಕಳ್ಳಿಯ ಪ್ರಸಾದ ಸೇವಿಸುತ್ತಾರೆ, ಅದು ಮಾದಕ ವಸ್ತು. ಆರೆಗನ್ ರಾಜ್ಯದಲ್ಲಿ ಇಬ್ಬರು ನೌಕರರು ಅದನ್ನು ಸೇವಿಸಿದ್ದಕ್ಕೆ ಕೆಲಸ ಕಳೆದುಕೊಂಡರು, ನಿರುದ್ಯೋಗ ಭತ್ಯೆಯೂ ಸಿಗಲಿಲ್ಲ. ಎಲ್ಲರಿಗೂ ಒಂದೇ ಕಾನೂನು, ಧರ್ಮಕ್ಕೆಂದು ವಿನಾಯಿತಿ ಇಲ್ಲ ಎಂದು 1990ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಎಲ್ಲ ಪಂಗಡದವರೂ ಗಾಬರಿಯಾದರು. 1993ರಲ್ಲಿ ಧಾರ್ಮಿಕ ಸ್ವಾತಂತ್ರ್ಯವನ್ನು ಮರಳಿ ಸ್ಥಾಪಿಸುವ ಕಾಯ್ದೆ ಬಂತು. ಸರಕಾರ ಒಬ್ಬರ ಧರ್ಮಾಚರಣೆಗೆ ದೊಡ್ಡ ಅಡ್ಡಿ ಮಾಡುವುದಾದರೆ ಅದಕ್ಕೆ ಬಲವಾದ ಕಾರಣವಿರಬೇಕು, ಇರುವುದರಲ್ಲಿ ಅತಿ ಕಡಿಮೆ ಅಡ್ಡಿಯ ದಾರಿಯನ್ನೇ ಹಿಡಿಯಬೇಕು ಎಂದು ಅದು ಹೇಳುತ್ತದೆ. ನೋಡಿ, ಕೆಲಸ ಕಳೆದುಕೊಂಡ ಇಬ್ಬರು ನೌಕರರ ಸಂಕಟದಿಂದ ಹುಟ್ಟಿದ ಗುರಾಣಿ ಅದು. ಇಪ್ಪತ್ತು ವರ್ಷದ ಮೇಲೆ ಅದು ಕೆಲಸ ಕೊಡುವವರ ಕೈಗೆ ಬಂತು. 2014ರಲ್ಲಿ ಹಾಬಿ ಲಾಬಿ ಎಂಬ ದೊಡ್ಡ ಅಂಗಡಿ ಸಾಲಿನ ಮಾಲೀಕರು ಇದೇ ಕಾಯ್ದೆ ಹಿಡಿದು 5-4ರ ಬಹುಮತದಿಂದ ಗೆದ್ದರು. ಅವರು ಕ್ಯಾಥೊಲಿಕರಲ್ಲ, ಪ್ರೊಟೆಸ್ಟೆಂಟರು. ಸನ್ಯಾಸಿನಿಯರಿಗಾಗಿ ತೆರೆದ ಬಾಗಿಲಲ್ಲಿ ವ್ಯಾಪಾರಿಗಳೂ ಬಂದರು.

ಸಿಸ್ಟರುಗಳ ಕೇಸು ಹಲವು ವರ್ಷ ಎಳೆಯಿತು. 2013ರ ಡಿಸೆಂಬರ್ 31ರ ರಾತ್ರಿ, ಮರುದಿನ ದಂಡ ಶುರುವಾಗಬೇಕು ಎನ್ನುವಾಗ, ನ್ಯಾಯಮೂರ್ತಿ ಸೋನಿಯಾ ಸೊಟೊಮಾಯೊರ್ ತಾತ್ಕಾಲಿಕ ತಡೆ ಕೊಟ್ಟರು. ಅವರೂ ಕ್ಯಾಥೊಲಿಕ್ ಮನೆತನದವರು. 2016ರ ಮೇ 16ರಂದು ಸುಪ್ರೀಂ ಕೋರ್ಟ್ ತೀರ್ಪನ್ನೇ ಕೊಡದೆ ಬುದ್ಧಿವಂತಿಕೆಯ ಒಂದು ಮಾತು ಹೇಳಿತು. ಸಿಸ್ಟರುಗಳು ಸಹಿ ಮಾಡದೆಯೂ ಹೆಣ್ಣುಮಕ್ಕಳಿಗೆ ಸೌಲಭ್ಯ ಮುಟ್ಟಿಸಲು ಬರುತ್ತದೆ ಎಂದು ಎರಡೂ ಕಡೆಯವರು ಒಪ್ಪಿದ್ದೀರಿ, ಕೂಡಿ ಕುಳಿತು ಅಂಥ ದಾರಿ ಹುಡುಕಿ ಎಂದಿತು.

ಎಂಜಿನಿಯರ್ ಆಗಿ ನನಗೆ ಬಹಳ ಹಿಡಿಸಿದ್ದು ಈ ಮಾತೇ. ಹಳೆಯ ಸೇತುವೆ ಮುಚ್ಚಬೇಕಾದರೆ ಮೊದಲು ಪಕ್ಕದಲ್ಲಿ ಡೈವರ್ಷನ್ ರಸ್ತೆ ಮಾಡುತ್ತೇವೆ. ಆಮೇಲೆ ಸೇತುವೆಗೆ ಅಡ್ಡಗಟ್ಟೆ ಇಡುತ್ತೇವೆ. ಆದರೆ ಅಲ್ಲಿ ಡೈವರ್ಷನ್ ಆಗಲೇ ಇಲ್ಲ. ಸರಕಾರ ಬದಲಾಯಿತು. 2017ರಲ್ಲಿ ಟ್ರಂಪ್ ಸರಕಾರ ವಿನಾಯಿತಿಯನ್ನು ಅಗಲ ಮಾಡಿತು. 2018ರ ಅಂತಿಮ ನಿಯಮದಲ್ಲಿ ಷೇರುಪೇಟೆಯಲ್ಲಿರುವ ಕಂಪನಿಗಳಿಗೂ ಧಾರ್ಮಿಕ ಆಕ್ಷೇಪಣೆಯ ಅವಕಾಶ ಸಿಕ್ಕಿತು. ಅವುಗಳ ನೌಕರರಿಗೆ ಬೇರೆ ದಾರಿ ಕಡ್ಡಾಯವಾಗಿರಲಿಲ್ಲ. 70,500ರಿಂದ 1,26,400ರವರೆಗೆ ಹೆಣ್ಣುಮಕ್ಕಳು ಸೌಲಭ್ಯ ಕಳೆದುಕೊಳ್ಳಬಹುದು ಎಂದು ಸರಕಾರದ್ದೇ ಅಂದಾಜು. ಇದರ ವಿರುದ್ಧ ಪೆನ್ಸಿಲ್ವೇನಿಯಾ ಹೋದ ಕೇಸೇ ನಾವು ಕೇಳಿದ್ದು. 2020ರ ಜುಲೈ 8ರಂದು 7-2ರಿಂದ ಸಿಸ್ಟರುಗಳ ಕಡೆ ಗೆದ್ದಿತು. ವಿರುದ್ಧ ಬರೆದವರು ಗಿನ್ಸ್‌ಬರ್ಗ್, ಅವರೊಡನೆ ನಿಂತವರು ಅಂದು ಸಿಸ್ಟರುಗಳಿಗೆ ತಡೆ ಕೊಟ್ಟಿದ್ದ ಸೊಟೊಮಾಯೊರ್. ಎರಡು ತಿಂಗಳ ಮೇಲೆ ಗಿನ್ಸ್‌ಬರ್ಗ್ ತೀರಿಕೊಂಡರು. ಕಥೆ ಅಲ್ಲಿಗೂ ಮುಗಿಯಲಿಲ್ಲ. 2025ರ ಆಗಸ್ಟ್‌ನಲ್ಲಿ ಫಿಲಡೆಲ್ಫಿಯಾದ ಕೇಂದ್ರ ಜಿಲ್ಲಾ ನ್ಯಾಯಾಲಯ ಆ ನಿಯಮಗಳನ್ನು ಸಕಾರಣವಿಲ್ಲದವು ಎಂದು ರದ್ದು ಮಾಡಿತು.

ಹಾಗಾದರೆ ನಾನು ಯಾರ ಕಡೆ? ನನ್ನ ಮಗಳೂ ಹೀಗೇ ಕೇಳಿದಳು. ಅದಕ್ಕೆ ಉತ್ತರವಾಗಿ ಅವಳಿಗೆ ನಮ್ಮ ತಂದೆಯವರ ಸಂಗತಿ ಹೇಳಿದೆ. ಅಲ್ಲಿಯವರೆಗೆ ಅವಳಿಗೆ ಅದು ಗೊತ್ತಿರಲಿಲ್ಲ.

ನಮ್ಮ ತಂದೆ ಹಳ್ಳಿಯ ಕನ್ನಡ ಸಾಲೆಯ ಮಾಸ್ತರು. 1976, ತುರ್ತು ಪರಿಸ್ಥಿತಿಯ ಕಾಲ. ದೇಶದಲ್ಲಿ ಆ ಒಂದು ವರ್ಷದಲ್ಲಿ 80 ಲಕ್ಷಕ್ಕೂ ಹೆಚ್ಚು ಜನರಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಆಯಿತು. ಸರಕಾರಿ ನೌಕರರು ಇಂತಿಷ್ಟು 'ಕೇಸು' ತರಬೇಕು ಎಂದು ಮೇಲಿನಿಂದ ಒತ್ತಡ. ತಂದೆಯವರಿಗೂ ಬಂತು. ತರದಿದ್ದರೆ ಪಗಾರ ಇಲ್ಲ. ಎರಡು ತಿಂಗಳು ಪಗಾರ ನಿಂತಿತು. ಮನೆಯಲ್ಲಿ ನಾವು ನಾಲ್ಕು ಮಕ್ಕಳು, ನಾನು ಪಿ.ಯು.ಸಿ. ಓದುತ್ತಿದ್ದೆ. ಬೇರೆಯವರು ಕೂಲಿಯವರನ್ನು, ತಿಳಿವಳಿಕೆ ಇಲ್ಲದವರನ್ನು ಪುಸಲಾಯಿಸಿ ಕರೆದುಕೊಂಡು ಹೋಗುತ್ತಿದ್ದರು. ತಂದೆಯವರಿಗೆ ಅದು ಆಗಲಿಲ್ಲ. ಒಂದು ರಾತ್ರಿ ತಾಯಿಗೆ, "ಇನ್ನೊಬ್ಬರ ಕೈ ಹಿಡದು ಎಳಕೊಂಡು ಹೋಗೂದಕ್ಕಿಂತ ನಾನ ಹೋಗಿ ಮಲಗತೀನಿ" ಎಂದು ಹೇಳಿ, ಮರುದಿನ ಸೈಕಲ್ ಮೇಲೆ ತಾಲ್ಲೂಕು ಆಸ್ಪತ್ರೆಯ ಶಿಬಿರಕ್ಕೆ ಹೋದರು. ಅವರೊಬ್ಬರದೇ ಕೇಸು. ಉಳಿದವನ್ನು ತರಲಿಲ್ಲ. ಮುಂದೆ ಚುನಾವಣೆ ಬಂತು, ಆ ಮಾತು ಅಲ್ಲಿಗೆ ನಿಂತಿತು. ಅವರು ಬದುಕಿರುವವರೆಗೆ ನಮಗೆ ಇದನ್ನು ಹೇಳಲಿಲ್ಲ. ತೀರಿದ ಮೇಲೆ ಟ್ರಂಕಿನಲ್ಲಿ ಆ ಸರ್ಟಿಫಿಕೇಟ್ ಸಿಕ್ಕಾಗ ತಾಯಿ ಹೇಳಿದರು.

ಅದಕ್ಕೇ, ಸರಕಾರ ಯಾರ ಸಂಸಾರದೊಳಗೆ ಕೈ ಹಾಕಿದರೂ ನನಗೆ ಹೆದರಿಕೆ. ಬೇಡವೆಂದವರಿಗೆ ಶಸ್ತ್ರಚಿಕಿತ್ಸೆ ಮಾಡಿಸುವ ಸರಕಾರಕ್ಕೂ, ಬೇಕೆಂದವರಿಗೆ ಬೇಡ ಎನ್ನುವ ಸಂಸ್ಥೆಗೂ ನನ್ನ ಕಣ್ಣಿಗೆ ಬಹಳ ದೂರವಿಲ್ಲ. ಇಬ್ಬರೂ ಆ ಹೆಣ್ಣುಮಗಳನ್ನು, ಆ ಗಂಡಸನ್ನು ಒಂದು ಮಾತೂ ಕೇಳಿರುವುದಿಲ್ಲ.

ತಂದೆಯವರಿಂದ ನಾನು ಕಲಿತದ್ದು ಇಷ್ಟು: ನನ್ನ ಆತ್ಮಸಾಕ್ಷಿಗೆ ಒಂದು ಬೆಲೆ ಇದ್ದರೆ ಅದನ್ನು ನಾನೇ ತೆರಬೇಕು. ಸಿಸ್ಟರುಗಳು ತಮ್ಮ ವ್ರತದ ಬೆಲೆಯನ್ನು ಬಾಳೆಲ್ಲ ತಾವೇ ತೆತ್ತವರು, ಅದಕ್ಕೆ ಕೈ ಮುಗಿಯುತ್ತೇನೆ. ಅವರ ಕೈ ಹಿಡಿದು ಸಹಿ ಹಾಕಿಸುವುದು ಬೇಡ. ಆದರೆ ಅವರ ಸಹಿ ಉಳಿದದ್ದಕ್ಕೆ ಅವರಲ್ಲಿ ಕೆಲಸ ಮಾಡುವ ದಾದಿ ತನ್ನ ಒಂದು ತಿಂಗಳ ಪಗಾರ ತೆರಬೇಕಾಗಿ ಬಂದರೆ ಅದು ಸರಿಯಲ್ಲ. ಸರಕಾರ ಆ ದಾದಿಗೆ ನೇರವಾಗಿ, ತಾನೇ ಸೌಲಭ್ಯ ಮುಟ್ಟಿಸಬೇಕಿತ್ತು. ಸಾವಿರಾರು ಜನ ದುಡಿಯುವ ಕಂಪನಿಯ ಮಾಲೀಕ ತನ್ನ ನಂಬಿಕೆಯ ಬೆಲೆಯನ್ನು ಅವರೆಲ್ಲರಿಂದ ವಸೂಲಿ ಮಾಡುವುದಂತೂ ನನಗೆ ಆತ್ಮಸಾಕ್ಷಿಯಾಗಿ ಕಾಣುವುದಿಲ್ಲ. ಇನ್ನು ಮೂಲದ ದೋಷ ನಕ್ಷೆಯದು. ಆರೋಗ್ಯದ ಭಾರವನ್ನೆಲ್ಲ ನೌಕರಿಯೆಂಬ ಒಂದೇ ಕಂಬದ ಮೇಲೆ ಹೊರಿಸಿದ್ದಾರೆ. ಹಾಗಾಗಿ ಮಾಲೀಕನ ಮನಸ್ಸು ಅಲುಗಿದಾಗೆಲ್ಲ ನೌಕರಳ ಮನೆ ಬಿರುಕು ಬಿಡುತ್ತದೆ.

ಕೊನೆಗೆ ಒಂದು ಮಾತು. ನಮ್ಮ ಮಠಗಳೂ ಸಾಲೆ, ಕಾಲೇಜು, ಆಸ್ಪತ್ರೆ, ಪ್ರಸಾದನಿಲಯ ನಡೆಸುತ್ತವೆ. ಅಲ್ಲಿ ಪಗಾರ ಪುಸ್ತಕಕ್ಕೆ ಸಹಿ ಹಾಕುವವರಲ್ಲಿ ಎಲ್ಲ ಜಾತಿಯವರಿದ್ದಾರೆ, ಎಲ್ಲ ಧರ್ಮದವರಿದ್ದಾರೆ. ಇಲ್ಲಿ ಕುಳಿತ ಹಲವರು ಇಂಥ ಆಡಳಿತ ಮಂಡಳಿಗಳ ಸದಸ್ಯರು, ನಾನೂ ಒಂದರಲ್ಲಿ ಇದ್ದೇನೆ. ನಮ್ಮ ಸಿದ್ಧಾಂತಕ್ಕೆ ಒಪ್ಪದ ನಿಯಮ ಒಂದು ದಿನ ನಮಗೂ ಬರಬಹುದು. ಆಗ ನಾವು ಪ್ರತಿಭಟಿಸೋಣ, ಜೈಲಿಗೆ ಹೋಗುವುದಾದರೆ ಹೋಗೋಣ. ಆದರೆ ನಮ್ಮ ಠರಾವು ಬರೆಯುವ ಮೊದಲು, ಇದರಿಂದ ನಮ್ಮಲ್ಲಿ ಕಸ ಹೊಡೆಯುವ ತಾಯಿಗೆ ಏನಾಗುತ್ತದೆ ಎಂದು ಒಮ್ಮೆ ಅವಳನ್ನೇ ಕರೆದು ಕೇಳೋಣ. ನನಗೆ ಇದು ಹೊಳೆದದ್ದು ಕಾನೂನು ಓದಿ ಅಲ್ಲ, ಊಟದ ಮೇಜಿನ ಬಳಿ ನನ್ನ ಹೆಂಡತಿ ಕೇಳಿದ ಪ್ರಶ್ನೆಯಿಂದ.